ಅಲಸಂದೆಯ ನಂಜು ಮತ್ತು ನನ್ನ ಹೊಟ್ಟೆಯ ಗಡ್ಡೆ

ನನಗೆ ಕ್ಯಾನ್ಸರ್ ಬಂದಾಗ "ಧೈರ್ಯ ಬಿಡಬ್ಯಾಡ್ರಿ" ಎಂದವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವರು ಹೇಳಿ, ಚಹಾ ಕುಡಿದು, ಎದ್ದು ಹೋಗುತ್ತಿದ್ದರು. ಆ ಧೈರ್ಯವನ್ನು ಎಲ್ಲಿಂದ ತರಬೇಕೆಂದು ಒಬ್ಬರೂ ಹೇಳಲಿಲ್ಲ. ಈಗ ಚಿಕಿತ್ಸೆ ಮುಗಿದು ವರ್ಷ ದಾಟಿದೆ. ಮೂರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ತಪಾಸಣೆಗೆ ರಕ್ತ ಕೊಟ್ಟು ಬರುತ್ತೇನೆ. ಬದುಕಿದ್ದೇನೆ, ಆದರೆ ಶಾಂತಳಾಗಿಲ್ಲ. ಕಾಯಿಲೆಯ ಬಗ್ಗೆ ಬರೆಯುವವರೆಲ್ಲ ಕೊನೆಯ ಪುಟದಲ್ಲಿ ಶಾಂತರಾಗಿಬಿಟ್ಟಿರುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹಾಗೆ ಉರಿಯುತ್ತ, ಆಸ್ಪತ್ರೆಯ ಬೆಂಚಿನ ಮೇಲೆ ಹಲ್ಲು ಕಚ್ಚಿ ಕುಳಿತವರು ಯಾರಾದರೂ ಇದ್ದರೆ ಇದು ಅವರಿಗೆ.

ನನ್ನ ಹೆಸರು ಗಿರಿಜಾ. ಮನೆ ಬೈಲಹೊಂಗಲದಲ್ಲಿ. ಗಂಡ ಬಸವರಾಜರದು ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿ. ನಾನು ನೇಸರಗಿ ಕಡೆಯ ರೈತರ ನಡುವೆ ಕೃಷಿ ಇಲಾಖೆಯ ಕೆಲಸ ಮಾಡುತ್ತೇನೆ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ರೋಗದ ಎಲೆ ಹಾಕಿಕೊಂಡು ಬರುತ್ತಾರೆ. ನಾನು ಬೆಳಕಿಗೆ ಹಿಡಿದು ನೋಡಿ ಇದು ಹುಳ, ಇದು ಬೂದಿ ರೋಗ, ಇದು ನಂಜು ಎಂದು ಹೇಳುತ್ತೇನೆ. ನಂಜು ಅಂದರೆ ವೈರಸ್. ಅಲಸಂದೆಯ ಎಲೆ ಹಳದಿ ಹಸಿರು ಮಚ್ಚೆಯಾಗಿ ಮುದುಡಿ ಬಂದರೆ ನನ್ನದು ಒಂದೇ ಮಾತು: "ಇದಕ್ಕ ಔಷಧ ಇಲ್ಲ. ಕಿತ್ತು ಸುಟ್ಟು ಬಿಡ್ರಿ." ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಹೇಳಿದ್ದೇನೆ. ಎಲೆ ನೋಡಿ ರೋಗ ಹಿಡಿಯುವ ನಾನು ನನ್ನ ಹೊಟ್ಟೆಯನ್ನೇ ನೋಡಿಕೊಳ್ಳಲಿಲ್ಲ ಎಂಬ ಸಿಟ್ಟು ಎಲ್ಲಕ್ಕಿಂತ ಮೊದಲಿನದು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆ ಉಬ್ಬತೊಡಗಿತು. ಡಾಕ್ಟರೊಬ್ಬರು ಗ್ಯಾಸ್ ಎಂದರು. ನಾಲ್ಕು ತಿಂಗಳು ಗ್ಯಾಸಿನ ಗುಳಿಗೆ ನುಂಗಿದೆ. "ಮುಟ್ಟು ನಿಲ್ಲೂ ವಯಸ್ಸು ನೋಡ್ರಿ, ಹಿಂಗ ಆಗತೈತಿ" ಎಂದು ನಗುತ್ತ ಹೇಳಿ ಕಳಿಸಿದರು. ಪಕ್ಕದ ಮನೆಯಾಕೆ "ಏನ್ ಟೀಚರ್, ಈ ವಯಸ್ಸಿನಾಗ ಸಿಹಿ ಸುದ್ದಿ ಏನು?" ಎಂದು ಕಣ್ಣು ಮಿಟುಕಿಸಿದಳು. ನಾನು ಟೀಚರ್ ಅಲ್ಲ, ಅದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಹತ್ತಿ ಹೊಲದಲ್ಲಿ ಗಿಡದ ಬುಡ ನೋಡಲು ಬಗ್ಗಿದರೆ ಉಸಿರೇ ಮೇಲೆ ಬರಲಿಲ್ಲ. ಅಲ್ಲಿಯೇ ಬದುವಿನ ಮೇಲೆ ಕುಳಿತು ಗಂಡನಿಗೆ ಫೋನ್ ಮಾಡಿದೆ: "ಸ್ಕ್ಯಾನಿಂಗ್ ಮಾಡಸೂಣು. ಇವತ್ತ."

ಬೆಳಗಾವಿಯ ಆಸ್ಪತ್ರೆಯಲ್ಲಿ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ಡಬ್ಬಿಗೆ ಇಳಿಯುತ್ತಿದ್ದ ಆ ಹಳದಿ ನೀರನ್ನು ನೋಡುತ್ತ ಮಲಗಿದ್ದೆ. ನೀರು ಹೋದ ಮೇಲೆ ತಿಂಗಳುಗಳ ನಂತರ ಎದೆ ತುಂಬ ಉಸಿರೆಳೆದೆ. ಆ ಒಂದು ಉಸಿರಿಗೆ ನಾನು ಋಣಿ. ಉಳಿದಂತೆ ಅಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. "ಹೊಟ್ಟಿ ನೀರಿನವರು ಯಾರ್ರೀ?" ಎಂದು ಕೂಗುತ್ತಿದ್ದರು. ನಾಲ್ಕನೆಯ ದಿನ ವರದಿ ಬಂತು. ಡಾಕ್ಟರು ನನ್ನ ಗಂಡನನ್ನೇ ನೋಡುತ್ತ ಮಾತಾಡತೊಡಗಿದರು. ಅಂಡಾಶಯ ಎಂದರು, ಹರಡಿದೆ ಎಂದರು, ಮೊದಲು ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ ಎಂದರು. ಗಂಡ ತಲೆಯಾಡಿಸುತ್ತಲೇ ಇದ್ದರು, ಮೊಳೆಯ ಅಳತೆ ಕೇಳಿಕೊಳ್ಳುವವರ ಹಾಗೆ.

ನಾನು ಮೇಜು ತಟ್ಟಿದೆ. "ಡಾಕ್ಟರ್, ಹೊಟ್ಟಿ ನಂದೈತಿ. ನನ್ನ ಕಡೆ ನೋಡಿ ಹೇಳ್ರಿ."

ಅವರು ಕನ್ನಡಕ ತೆಗೆದರು. "ಸಾರಿ ಅಮ್ಮಾ" ಎಂದು ಮೊದಲಿನಿಂದ ಎಲ್ಲವನ್ನೂ ನನಗೆ ಹೇಳಿದರು. ಅಮ್ಮಾ ಎಂದದ್ದೂ ನನಗೆ ಹಿಡಿಸಲಿಲ್ಲ. ಅವರಿಗಿಂತ ನಾನು ಹೆಚ್ಚೆಂದರೆ ಐದು ವರ್ಷ ದೊಡ್ಡವಳು.

ಸುದ್ದಿ ಹರಡಿತು. ನಾದಿನಿ ಕಸ್ತೂರಿ ಬಂದು ನನ್ನ ಕೈ ಹಿಡಿದುಕೊಂಡು, "ಹೊಲದಾಗ ಎಣ್ಣಿ ಹೊಡಸತಿದ್ರಿ ಅಲ್ಲ ವೈನಿ, ಅದರಿಂದನ ಬಂದಿರಬೇಕು" ಎಂದಳು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. "ನೀ ಡಾಕ್ಟರಕಿ ಯಾವಾಗ ಕಲ್ತಿ?" ಎಂದು ಕೇಳಿದೆ. ಆಕೆ ಅತ್ತಳು. ಅಳಲಿ ಎಂದು ಬಿಟ್ಟೆ. ಕಾಯಿಲೆ ಬಂದದ್ದು ನನಗೆ, ಅಳುವವರನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಏಕಾಗಬೇಕು?

ಮೊದಲ ಕೀಮೋ ಆದ ಹದಿನೈದನೆಯ ದಿನಕ್ಕೆ ಕೂದಲು ದಿಂಬಿನ ಮೇಲೆ ಉಳಿಯಿತು. ಬಾಯಲ್ಲಿ ಸದಾ ತುಕ್ಕಿನ ರುಚಿ. ರೊಟ್ಟಿ ಮುರಿದರೆ ಮರಳು ಅಗಿದ ಹಾಗೆ. ಬೆರಳ ತುದಿ ಜೋಮು ಹಿಡಿದು ಕುಪ್ಪಸದ ಹುಕ್ಕು ಹಾಕಲಾಗುತ್ತಿರಲಿಲ್ಲ. ಬಸವರಾಜರು ದಿನಾ ಅಂಗಡಿಗೆ ಹೋಗುವ ಮೊದಲು ಹುಕ್ಕು ಹಾಕಿಕೊಡುತ್ತಿದ್ದರು, ದಿನಾ ಒಂದು ತಪ್ಪಿಸುತ್ತಿದ್ದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ನನಗೆ ಅಷ್ಟು ಹತ್ತಿರ ನಿಂತದ್ದಿಲ್ಲ. ಆದರೂ ನಾನು ಬೈದೆ. "ಮೊಳೆ ಎಣಸಾಕ ಬರತೈತಿ, ನಾಲ್ಕು ಹುಕ್ಕು ಎಣಸಾಕ ಬರೂದಿಲ್ಲ?" ಅವರು ಬಿಚ್ಚಿ ಮತ್ತೆ ಹಾಕಿದರು.

ಅಷ್ಟರಲ್ಲಿ ಸುರೇಬಾನದಿಂದ ಅಣ್ಣ ಈರಣ್ಣನ ಫೋನ್ ಬಂತು. ಅವನಿಗೆ ಯಾರೋ ಒಂದು ವಿಡಿಯೊ ಕಳಿಸಿದ್ದರು.

"ತಂಗಿ, ಅಲಸಂದಿ ನಂಜಿನಾಗ ಕ್ಯಾನ್ಸರ್ ಔಷಧ ಐತಂತ. ನೀ ಕಿತ್ತು ಸುಡ್ರಿ ಸುಡ್ರಿ ಅಂತಿದ್ದಿ ನೋಡು, ಅದರಾಗನ. ನಮ್ಮ ಹೊಲದಾಗ ಒಂದು ಮಡಿ ತುಂಬ ಬಂದೈತಿ. ನಾ ಕಿತ್ತಿಲ್ಲ. ನಿನಗಂತ ಬಿಟ್ಟೇನಿ."

"ಅಣ್ಣಾ, ತಲಿ ಕೆಟ್ಟೈತೇನ? ನಾಳೆ ಮುಂಜಾನೆ ಕಿತ್ತು ಒಗಿ" ಎಂದು ಕಿರುಚಿ ಫೋನ್ ಇಟ್ಟೆ. ಆದರೆ ವಿಡಿಯೊ ನೋಡಿದೆ. ಎರಡು ಸಲ ನೋಡಿದೆ. ಸುಳ್ಳು ವಿಡಿಯೊಗಳ ವಾಸನೆ ನನಗೆ ಗೊತ್ತು. ಇದರಲ್ಲಿ ಎಲ್ಲೋ ನಿಜದ ತುಣುಕಿತ್ತು. ಶಮೀಮ್‌ಗೆ ಫೋನ್ ಮಾಡಿದೆ.

ಶಮೀಮ್ ಸವದತ್ತಿಯವಳು, ಲಾರಿ ಚಾಲಕರ ಮಗಳು. ಧಾರವಾಡದಲ್ಲಿ ಓದುವಾಗ ನಾವು ಒಂದೇ ಕೋಣೆಯಲ್ಲಿದ್ದೆವು. ನಾನು ಇಲಾಖೆಗೆ ಬಂದೆ, ಅವಳು ಸಸ್ಯಗಳ ವೈರಸ್ ಹಿಡಿದುಕೊಂಡು ಪ್ರಯೋಗಾಲಯಕ್ಕೆ ಹೋದಳು. ಹೊಲದ ಬದುವಿನಲ್ಲಿ ಬೆಳೆಯುವ ಒಂದು ಕಳೆಗಿಡದ ವೈರಸ್ಸಿನ ಒಳಗಿನದನ್ನು ತೆಗೆದು ಖಾಲಿ ಸಿಪ್ಪೆ ಮಾಡಿ, ಅದರ ಮೇಲೆ ಬೇರೆ ರೋಗದ ಗುರುತು ಅಂಟಿಸಿ ಲಸಿಕೆ ಮಾಡಲು ಸಾಧ್ಯವೇ ಎಂದು ನೋಡುವುದು ಅವಳ ಕೆಲಸ.

"ವಿಡಿಯೊ ಖರೇ ಏನು?" ಎಂದು ಕೇಳಿದೆ.

"ಅರ್ಧ ಖರೇ" ಎಂದಳು. "ಅಲಸಂದಿ ವೈರಸ್ ಮನಶಾಗ ರೋಗ ತರೂದಿಲ್ಲ. ಆದರ ನಮ್ಮ ಮೈಯಾಗಿನ ಕಾವಲುಗಾರರಿಗೆ ಅದನ್ನ ಕಂಡ್ರ ಆಗೂದಿಲ್ಲ. ಗಡ್ಡಿ ಒಳಗ ಅದನ್ನ ಬಿಟ್ರ ಮಲಗಿದ್ದ ಕಾವಲುಗಾರರು ಎದ್ದು ಬರ್ತಾರ. ಬಂದಾಗ ಗಡ್ಡಿನೂ ಅವರ ಕಣ್ಣಿಗೆ ಬೀಳತೈತಿ. ಇಲಿಯೊಳಗ ನೋಡ್ಯಾರ. ಕ್ಯಾನ್ಸರ್ ಆದ ಸಾಕು ನಾಯಿಗಳಿಗೂ ಕೊಟ್ಟು ನೋಡ್ಯಾರ. ಮನಶಾರಿಗೆ ಇನ್ನೂ ಬಂದಿಲ್ಲ."

"ನಿನ್ನ ಹತ್ರ ಐತೇನು?"

"ಯಾಕ ಕೇಳ್ತಿ?" ಎಂದಳು.

"ಶಮೀಮ್, ನಿಮ್ಮ ಫ್ರಿಜ್ಜಿನಾಗ ಇಲ್ಲಂದ್ರ ನಿನ್ನ ಪರಿಚಯದವರ ಫ್ರಿಜ್ಜಿನಾಗ ಇರತೈತಿ. ಒಂದು ಸೀಸೆ ಕೊಡಸು. ಹೊಟ್ಟಿಯಾಗ ಹೆಂಗೂ ಸೂಜಿ ಹಾಕ್ತಾರ."

"ಆಗೂದಿಲ್ಲ, ಗಿರಿಜಾ."

"ನಾಯಿಗೆ ಕೊಡ್ತೀರಿ, ನನಗ ಕೊಡೂದಿಲ್ಲ?"

"ಆ ನಾಯಿಗಳೊಳಗ ಎಷ್ಟು ಸತ್ತೂವು ಅಂತ ಕೇಳಿದೇನು ನೀನು? ಎಷ್ಟು ಪ್ರಮಾಣ, ಯಾವಾಗ, ಕೀಮೋ ಜೋಡಿ ಆಗತೈತೋ ಇಲ್ಲೋ, ಮನಶಾರ ವಿಷಯದಾಗ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಿನಗ ಹೆಂಗ ಚುಚ್ಚಲಿ? ಮತ್ತ ಇನ್ನೊಂದು. ನಿಮ್ಮಣ್ಣನ ಹೊಲದಾಗಿರೂದು ಅದ ವೈರಸ್ ಅಂತ ಯಾರು ಹೇಳಿದ್ರು? ನಮ್ಮ ಕಡೆ ಅಲಸಂದಿಗೆ ಬರೂವು ಬೇರೇನ ಇರತಾವು. ನಿನಗ ಗೊತ್ತಿರಬೇಕಲ್ಲ ಇದು?"

ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳ ಬಾಯಿಂದ ಕೇಳಿದ್ದೇ ಹೆಚ್ಚು ಚುಚ್ಚಿತು. "ನಾ ಸತ್ತ ಮ್ಯಾಲ ಪೇಪರ್ ಬರಿ. ನನ್ನ ಹೆಸರು ಹಾಕು" ಎಂದು ಫೋನ್ ಇಟ್ಟೆ. ಒಂದೂವರೆ ತಿಂಗಳು ಮಾತಾಡಲಿಲ್ಲ.

ಎರಡನೆಯ ಕೀಮೋ ನನ್ನನ್ನು ನೆಲಕ್ಕೆ ಹಾಕಿತು. ಐದು ದಿನ ಕುಡಿದ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕಸ ಹೊಡೆಯುವ ಲಕ್ಷ್ಮವ್ವ ಎಂಬಾಕೆ ಜಿನುಗುವ ನನ್ನ ಬಾಯಿ ಒರೆಸಿ, ಸೆರಗಿನ ಗಂಟಿನಿಂದ ನಿಂಬೆ ಪೆಪ್ಪರಮಿಂಟು ತೆಗೆದು, "ಇದನ್ನ ಚೀಪ್ರಿ, ವಾಕರಿಕಿ ಕಮ್ಮಿ ಆಗತೈತಿ" ಎಂದು ಕೊಟ್ಟಳು. ಆ ದಿನಗಳಲ್ಲಿ ನನ್ನಿಂದ ಬೈಸಿಕೊಳ್ಳದೆ ಉಳಿದವಳು ಆಕೆಯೊಬ್ಬಳೇ. ಮೂರನೆಯ ಕೀಮೋ ಗುರುವಾರಕ್ಕಿತ್ತು. ಅದಕ್ಕೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಮಂಗಳವಾರ ಅಣ್ಣ ಕಾರು ಮಾಡಿಕೊಂಡು ಬಂದ. ಕಿತ್ತೂರಿನ ಆಚೆ ಒಂದು ತೋಟದ ಶೆಡ್ಡಿನಲ್ಲಿ ಒಬ್ಬ ವೈದ್ಯ ಅಲಸಂದೆ ನಂಜಿನ ರಸ ತೆಗೆದು ಗಡ್ಡೆಗೆ ಚುಚ್ಚುತ್ತಾನಂತೆ. ಬೇಕಾದರೆ ಎಲೆಯನ್ನು ನಾವೇ ಒಯ್ಯಬಹುದಂತೆ. ಡಿಕ್ಕಿಯಲ್ಲಿ ಅಣ್ಣನ ಹೊಲದ ಎಲೆಯ ಚೀಲವಿತ್ತು.

ಬಸವರಾಜರು ಬಾಗಿಲಲ್ಲಿ ನಿಂತರು. "ಹೋಗಬ್ಯಾಡ."

"ಕೀಮೋ ಚುಚ್ಚಿಸಿಕೊಂಡಾಕಿ ನಾನು. ನೀವಲ್ಲ" ಎಂದೆ. ಅವರು ಪಕ್ಕಕ್ಕೆ ಸರಿದರು. ಕೈ ಹಿಡಿದು ನಿಲ್ಲಿಸಲಿಲ್ಲವಲ್ಲ ಎಂದು ಕಾರಿನಲ್ಲಿ ಕುಳಿತ ಮೇಲೆ ಅದಕ್ಕೂ ಸಿಟ್ಟು ಬಂತು. ಓದಿದವಳು ಇಂಥ ಕಡೆ ಹೇಗೆ ಹೋದೆ ಎಂದು ಈಗ ಜನ ಕೇಳುತ್ತಾರೆ. ಅವರು ಕೀಮೋ ತೆಗೆದುಕೊಂಡವರಲ್ಲ.

ತಗಡಿನ ಶೆಡ್ಡು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಏಳೆಂಟು ಮಂದಿ. ಗೋಡೆಗೆ ಆ ವಿಡಿಯೊದಿಂದ ತೆಗೆದ ಚಿತ್ರ ಅಂಟಿಸಿದ್ದರು: ಬಿಳಿ ಕೋಟಿನವರು, ಪಕ್ಕದಲ್ಲಿ ಒಂದು ನಾಯಿ. ವೈದ್ಯ ಎನಿಸಿಕೊಂಡವನು ಬಿಳಿ ಅಂಗಿ ತೊಟ್ಟು, ಅರೆದ ಎಲೆಯನ್ನು ಬಟ್ಟೆಯಲ್ಲಿ ಹಿಂಡಿ ಹಸಿರು ರಸವನ್ನು ಬಕೆಟ್ಟಿಗೆ ಇಳಿಸುತ್ತಿದ್ದ. ಪಕ್ಕದಲ್ಲಿ ಸಲೈನ್ ಬಾಟಲಿಗಳ ಸಾಲು.

ನನ್ನ ಪಕ್ಕದ ಕುರ್ಚಿಯಲ್ಲಿದ್ದ ನಲವತ್ತರ ಆಸುಪಾಸಿನ ಹೆಂಗಸು ಒಬ್ಬಳೇ ಬಂದಿದ್ದಳು. ಚಚಡಿಯ ಮಾದೇವಿ. ಎಡಗೈಯನ್ನು ಎದೆಯಿಂದ ದೂರ ಹಿಡಿದು ಕುಳಿತಿದ್ದಳು. "ಎದಿಯಾಗ ಗಂಟು. ಎರಡು ವರ್ಷ ಆತು. ಯಾರಿಗೂ ತೋರಿಸಿಲ್ಲ. ಇಲ್ಲೆ ಬಟ್ಟಿ ಬಿಚ್ಚೂದು ಬ್ಯಾಡಂತ, ಮ್ಯಾಲಿಂದನ ಚುಚ್ತಾರಂತ" ಎಂದಳು.

ಅವನ ಎಲೆಯ ಬುಟ್ಟಿ ನನ್ನ ಕಾಲ ಬಳಿಯೇ ಇತ್ತು. ಅಭ್ಯಾಸ ಬಿಡುವುದಿಲ್ಲ, ಒಂದೆಲೆ ಎತ್ತಿ ಬೆಳಕಿಗೆ ಹಿಡಿದೆ. ನರ ಹಸಿರು, ನಡುವೆ ಹಳದಿ. ಇದು ನಂಜಲ್ಲ, ಮಣ್ಣಿನಲ್ಲಿ ಕಬ್ಬಿಣದ ಕೊರತೆ. ಎರಡನೆಯದು ನುಸಿ ಹೀರಿದ್ದು. ಮೂರನೆಯದು ನಂಜು ಇರಬಹುದು, ಆದರೆ ಯಾವ ನಂಜೋ. ನಾಲ್ಕನೆಯದನ್ನು ಎತ್ತುವಾಗ ವಾಸನೆ ಬಡಿಯಿತು. ಕೀಮೋದ ನಂತರ ನನ್ನ ಮೂಗು ಎಲ್ಲವನ್ನೂ ಹತ್ತು ಪಟ್ಟು ಹಿಡಿಯುತ್ತಿತ್ತು. ಇದಕ್ಕೆ ಅಷ್ಟೂ ಬೇಕಿರಲಿಲ್ಲ. ಹತ್ತಿಯ ರಸ ಹೀರುವ ಹುಳಕ್ಕೆ ಹೊಡೆಯುವ ಎಣ್ಣಿ. ಇತ್ತೀಚೆಗೆ ಹೊಡೆದದ್ದು.

"ಏ! ಈ ಎಲಿ ಎಲ್ಲಿಂದ ತಂದಿ?" ಎಂದು ಎದ್ದೆ.

"ಯಾಕ್ರಿ ಅಕ್ಕಾರ?" ಎಂದ ಅವನು, ಹಿಂಡುವುದನ್ನು ನಿಲ್ಲಿಸದೆ.

"ಇದಕ್ಕ ಎಣ್ಣಿ ಹೊಡೆದಾರ. ಮೂಸಿ ನೋಡು. ವಿಷ ಹಿಂಡಾಕತ್ತಿ ನೀನು. ಇದನ್ನ ಮನಶಾರಿಗೆ ಚುಚ್ತಿ?"

"ತೊಳೆದೇವ್ರಿ. ಅಮೇರಿಕಾದಾಗ ನಾಯಿಗಳಿಗೆ ಆರಾಮ ಆಗ್ಯಾವ. ನಂಬಿಕಿ ಇಲ್ಲಂದ್ರ ಹೋಗ್ರಿ. ಇವರ ನಂಬಿಕಿ ಯಾಕ ಕೆಡಸ್ತೀರಿ?"

ನಾನು ಬಕೆಟ್ಟನ್ನು ಒದ್ದೆ. ನಿಲ್ಲಲೂ ಆಗದ ಕಾಲಿನಲ್ಲಿ ಅಷ್ಟು ಕಸುವು ಎಲ್ಲಿತ್ತೋ. ಹಸಿರು ರಸ ನೆಲದ ತುಂಬ ಹರಿಯಿತು. ಇಬ್ಬರು ಬಂದು ನನ್ನ ರಟ್ಟೆ ಹಿಡಿದರು. ಅಣ್ಣ ಅವರನ್ನು ನೂಕಿ, ಒಳಗೆ ತಂದಿಟ್ಟಿದ್ದ ನಮ್ಮ ಎಲೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಹೊರಗೆ ಕರೆತಂದ.

ಹಿಂದೆಯೇ ಮಾದೇವಿ ಬಂದಳು. ಉಪಕಾರ ಹೇಳಲು ಬಂದಳೆಂದುಕೊಂಡೆ.

"ಮೂರು ತಾಸು ಕುಂತಿದ್ದೆ ನಾನು! ಎರಡು ಬಸ್ ಬದಲಿ ಮಾಡಿ ಬಂದೇನಿ. ಚೆಲ್ಲಾಕ ನೀವ್ಯಾರ್ರಿ? ನೀವು ಓದಿದವರು, ಕಾರಿನ್ಯಾಗ ಬಂದು ಬೈದು ಹೋಗ್ತೀರಿ. ನಾ ಎಲ್ಲಿ ಹೋಗ್ಲಿ?"

"ಬೆಳಗಾವಿಗೆ ಬಾ. ನಾ ಕರಕೊಂಡು ಹೋಗ್ತೇನಿ."

"ನಿಮ್ಮ ತಲಿ ನೋಡ್ರಿ. ಒಂದು ಕೂದಲಿಲ್ಲ. ಅದಕ್ಕ ಬರ್ಲ್ಯಾ?"

ಫೋನ್ ನಂಬರ್ ಕೊಡು ಎಂದೆ. ಕೊಡುವುದಿಲ್ಲ ಎಂದಳು. ಕೊಡುವತನಕ ಕಾರು ಹೊರಡುವುದಿಲ್ಲ ಎಂದು ದಾರಿಗೆ ಅಡ್ಡ ನಿಂತೆ. ಕೊನೆಗೆ ಪೀಡೆ ತೊಲಗಲಿ ಎನ್ನುವಂತೆ ಹೇಳಿದಳು.

ಕಾರಿನಲ್ಲಿ ಅಣ್ಣ ಅಳುತ್ತಿದ್ದ. ಅಪ್ಪ ತೀರಿದಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. "ಮತ್ತೇನ ಮಾಡ್ಲಿ ತಂಗಿ? ಸುಮ್ನ ಕುಂದ್ರಾಕ ಆಗವಲ್ದು."

"ಸುಮ್ನ ಕುಂದ್ರೂದು ಕಲಿ. ನನ್ನ ಬಾಜೂಕ ಕುಂದ್ರು. ಅಷ್ಟ ಸಾಕು" ಎಂದೆ. ಮೃದುವಾಗಿ ಹೇಳಲಿಲ್ಲ. ಆದರೆ ಹೋಗುವುದಿಲ್ಲ ಎಂದುಕೊಂಡಿದ್ದ ಕೀಮೋಕ್ಕೆ ನಾನು ಗುರುವಾರ ಹೋದಾಗ ಅವನೂ ಬಂದು ಮುಗಿಯುವತನಕ ಪಕ್ಕದ ಸ್ಟೂಲಿನ ಮೇಲೆ ಕುಳಿತ. ಫೋನ್ ಕೂಡ ತೆಗೆಯಲಿಲ್ಲ. ಆ ವಾರವೇ ನಂಜು ಹತ್ತಿದ ಮಡಿಯನ್ನೆಲ್ಲ ಕಿತ್ತು ಹಾಕಿದನೆಂದು ಆಮೇಲೆ ತಿಳಿಯಿತು.

ಶೆಡ್ಡಿನಿಂದ ನಾನು ಮುಷ್ಟಿಯಲ್ಲಿ ಹಿಡಿದು ತಂದಿದ್ದ ನಾಲ್ಕು ಎಲೆಗಳನ್ನು ಚೀಲಕ್ಕೆ ಹಾಕಿ, ಚೀಟಿ ಬರೆದು, ದೂರು ಕೊಟ್ಟೆ. ವಿಚಾರಣೆ, ಸಹಿ, ಮತ್ತೆ ವಿಚಾರಣೆ. ಕೊನೆಗೆ ಶೆಡ್ಡಿಗೆ ಬೀಗ ಬಿತ್ತು. ಅವನು ಬೇರೆ ಊರಿನಲ್ಲಿ ಬೇರೆ ಗಿಡ ಹಿಂಡುತ್ತಿರಬಹುದು.

ಶಮೀಮ್‌ಗೆ ನಾನೇ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವಳು ಐದು ನಿಮಿಷ ಬಾಯಿಗೆ ಬಂದಂತೆ ಬೈದಳು. ಹಾಗೆ ಬೈಯುವ ಒಂದು ದನಿಗಾಗಿ ನಾನು ಎಷ್ಟು ಕಾದಿದ್ದೆನೆಂದು ಆಗ ತಿಳಿಯಿತು. ಆಪರೇಷನ್ನಿನ ದಿನ ಸವದತ್ತಿಯ ತನ್ನ ತಾಯಿಯ ಮನೆಯಿಂದ ಬಸ್ಸಿನಲ್ಲಿ ಬಂದಳು. ಗರ್ಭಕೋಶ, ಅಂಡಾಶಯ, ಅದರ ಸುತ್ತಲಿನದೆಲ್ಲ ತೆಗೆದರು. ಕಣ್ಣು ತೆರೆದಾಗ ಅವಳೂ ಬಸವರಾಜರೂ ನನ್ನ ಮಂಚದ ಎರಡು ಕಡೆ ನಿಂತು, ಫ್ಯಾನು ಜೋರಾಯಿತೋ ಕಡಿಮೆಯಾಯಿತೋ ಎಂದು ಜಗಳವಾಡುತ್ತಿದ್ದರು. ನನಗೆ ಸಂತೋಷವಾಯಿತು. ಹೇಳಲಿಲ್ಲ.

ಮಾದೇವಿಗೆ ನಾನು ದಿನಾ ಫೋನ್ ಮಾಡಿದೆ, ಶೆಡ್ಡಿನಿಂದ ಬಂದ ಮರುದಿನದಿಂದಲೇ. ಮೊದಲ ದಿನ ಎತ್ತಲಿಲ್ಲ. ಎರಡನೆಯ ದಿನ ಎತ್ತಿ ಬೈದಳು. ಮೂರನೆಯ ದಿನ ಆಕೆಯ ಗಂಡ ಎತ್ತಿ, ಯಾರು ನೀವು, ಯಾವ ಗಂಟು ಎಂದ. ಆಕೆ ಅವನಿಗೂ ಹೇಳಿರಲಿಲ್ಲ. ನಾನು ಹೇಳಿಬಿಟ್ಟೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಆಮೇಲಿನ ಐದು ದಿನ ಫೋನ್ ಬಂದ್ ಇತ್ತು. ಒಂಬತ್ತನೆಯ ದಿನ ಮುಂಜಾನೆ ಆಕೆಯೇ ಮಾಡಿದಳು. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ.

"ಮನಿಯಾಗ ರಾಮಾಯಣ ಮಾಡಿಟ್ರಿ. ಬೆಳಗಾವಿಯಾಗ ಎಲ್ಲಿ ಬರಬೇಕು ಹೇಳ್ರಿ."

ಆಕೆಗೂ ಕೀಮೋ ಆಯಿತು, ಆಪರೇಷನ್ ಆಯಿತು. ಬಟ್ಟೆ ಬಿಚ್ಚಬೇಕಾಗಿ ಬಂದಾಗಲೆಲ್ಲ ಒಳಗೆ ನಾನಿರಬೇಕೆಂದು ಹಟ ಮಾಡಿದಳು, ಇದ್ದಾಗಲೆಲ್ಲ ಗೋಡೆ ಕಡೆ ತಿರುಗಿ ನಿಲ್ಲಿರಿ ಎಂದಳು. ನಾನು ತಿರುಗಿ ನಿಂತೆ. ಎರಡು ವರ್ಷ ಮುಚ್ಚಿಟ್ಟದ್ದರ ಬೆಲೆ ಆಕೆಯ ವರದಿಯಲ್ಲಿದೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನನ್ನದು ತಿರುಗಿ ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಹೋದ ತಿಂಗಳು ಇಬ್ಬರಿಗೂ ಒಂದೇ ದಿನ ತಪಾಸಣೆ. ಬೆಂಚಿನ ಮೇಲೆ ಕುಳಿತಿದ್ದೆವು. ಆಕೆಯ ತಲೆಯಲ್ಲಿ ಕೂದಲು ಗೇಣುದ್ದ ಬಂದಿತ್ತು, ಗುಂಗುರು. ಅದನ್ನು ಕಂಡರೆ ಆಕೆಗೆ ಆಗುವುದಿಲ್ಲ.

"ನಿಮ್ಮ ಗೆಳತಿ, ಆ ನಂಜಿನ ಡಾಕ್ಟರು, ಔಷಧ ಯಾವಾಗ ತಯಾರ ಮಾಡ್ತಾರ್ರಿ?" ಎಂದು ಕೇಳಿದಳು.

"ಆಕಿ ಒಬ್ಬಾಕಿ ಮಾಡೂದಲ್ಲ ಅದು. ಯಾವಾಗಂತ ಗೊತ್ತಿಲ್ಲ."

"ನಾವು ಇರತೇವೇನು ಆವಾಗ?"

"ಗೊತ್ತಿಲ್ಲ ಅಂದೆನಲ್ಲ."

"ಹಚ್ರಿ ಆಕಿಗೆ ಫೋನ್."

ಹಚ್ಚಿದೆ. ಶಮೀಮ್ ಎತ್ತಿದಳು. ನಾನು ಮಾತಾಡುವ ಮೊದಲೇ ಮಾದೇವಿ ಫೋನ್ ಕಸಿದುಕೊಂಡಳು.

"ಡಾಕ್ಟರಮ್ಮಾರ, ಬೆಳಗಾವಿ ಆಸ್ಪತ್ರಿ ಬೆಂಚಿನ ಮ್ಯಾಲ ಇಬ್ಬರು ಕುಂತೇವಿ. ನಾಯಿಗೆ ಕೊಟ್ಟದ್ದು ಸಾಕು. ಲಗೂ ಮಾಡ್ರಿ."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆ ಕಡೆಯಿಂದ ಶಮೀಮ್ ಏನೆಂದಳೋ ನನಗೆ ಕೇಳಿಸಲಿಲ್ಲ. ಬಹಳ ಹೊತ್ತೇ ಹೇಳಿದಳು. ಮಾದೇವಿ ಹುಬ್ಬು ಗಂಟಿಕ್ಕಿಕೊಂಡು, ಒಂದು ಮಾತನ್ನೂ ಬಿಡದವಳ ಹಾಗೆ ಕೇಳಿಸಿಕೊಂಡಳು.

"ಹೂಂ" ಎಂದಳು ಕೊನೆಗೆ. "ಆತು. ಮುಂದಿನ ತಿಂಗಳ ಮತ್ತ ಕೇಳ್ತೇನಿ. ನೆಪ ಹೇಳಬ್ಯಾಡ್ರಿ."